ಧಾರವಾಡದಲ್ಲಿ ಕವಿತೆ ಕಲಿತ ಎಂಟು ರವಿವಾರ

ಎಂಟು ರವಿವಾರ, ಮುಂಜಾನೆ ಹತ್ತರಿಂದ ಮಧ್ಯಾಹ್ನ ಒಂದರವರೆಗೆ, ಒಟ್ಟು 24 ತಾಸು. ಶುಲ್ಕ 2,400 ರೂಪಾಯಿ, ಅಂದರೆ ತಾಸಿಗೆ ನೂರು. ಹುಬ್ಬಳ್ಳಿಯ ಬಟ್ಟೆ ಪೇಟೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಲೆಕ್ಕ ಬರೆಯುತ್ತಿರುವ ನನಗೆ ಯಾವುದನ್ನೇ ಆಗಲಿ ಮೊದಲು ಭಾಗಿಸಿ ನೋಡುವ ಚಟ ಅಂಟಿಕೊಂಡಿದೆ. ಧಾರವಾಡದಲ್ಲಿ ಈ ಮಳೆಗಾಲ ನಡೆದ ಕವಿತೆಯ ತರಗತಿಗೆ ನಾನು ಸೇರಿದ್ದು ಕವಿಯಾಗಬೇಕೆಂದಲ್ಲ. ಖಾತೆ ಪುಸ್ತಕದ ಕೊನೆಯ ಹಾಳೆಗಳಲ್ಲಿ ವರ್ಷಗಟ್ಟಲೆ ಗೀಚುತ್ತ ಬಂದ ಸಾಲುಗಳು ಕವಿತೆಯೋ ಅಲ್ಲವೋ ಎಂಬುದನ್ನು ತಿಳಿದವರ ಬಾಯಿಂದ ಒಮ್ಮೆ ಕೇಳಿಬಿಡಬೇಕೆಂಬ ಆಸೆಯಿಂದ. ಅಲ್ಲ ಎಂಬ ಉತ್ತರ ಮೊದಲ ರವಿವಾರವೇ ಸಿಕ್ಕಿತು. ಆದರೂ ಉಳಿದ ಏಳರಲ್ಲಿ ಒಂದನ್ನೂ ತಪ್ಪಿಸದೆ ಹೋದೆ.

ಕೆಲವು ಕೊರತೆಗಳನ್ನೂ ಬರೆಯಬೇಕಾಗಿರುವುದರಿಂದ ನಡೆಸುವವರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಮಾಳಮಡ್ಡಿಯ ಕಡೆ ಮಂಗಳೂರು ಹೆಂಚಿನ ಹಳೆಯ ಮನೆಯೊಂದರ ಪಡಸಾಲೆಯಲ್ಲಿ ತರಗತಿ ನಡೆಯುತ್ತದೆ ಎಂದರೆ ಸಾಕು. ಕಲಿಸುವವರು ಒಬ್ಬರೇ, ನಿವೃತ್ತ ಕಾಲೇಜು ಅಧ್ಯಾಪಕರು. ನಾವೆಲ್ಲ ಮಾಸ್ತರು ಎಂದು ಕರೆಯುತ್ತಿದ್ದೆವಾದ್ದರಿಂದ ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಕಲಿಯಲು ಬಂದವರು 22 ಜನ: ಇಂಜಿನಿಯರಿಂಗ್ ಓದುವ ಹುಡುಗರು, ಇಬ್ಬರು ನರ್ಸುಗಳು, ಬ್ಯಾಡಗಿಯಿಂದ ರೈಲು ಹತ್ತಿ ಬರುತ್ತಿದ್ದ ಒಬ್ಬ ತರುಣ, ನವಲಗುಂದದ ಕಡೆಯಿಂದ ಮಗಳ ಮನೆಗೆ ಬಂದು ಇಲ್ಲಿಯೇ ಉಳಿದಿದ್ದ ಎಪ್ಪತ್ತು ದಾಟಿದ ಒಬ್ಬ ಅಜ್ಜಿ.

ಧಾರವಾಡದಲ್ಲಿ ಕಲ್ಲು ಒಗೆದರೆ ಅದು ಯಾರೋ ಒಬ್ಬ ಸಾಹಿತಿಯ ಮನೆಯ ಮೇಲೆ ಬೀಳುತ್ತದೆಂಬ ಮಾತು ನಮ್ಮಲ್ಲಿ ಹಳೆಯದು. ಹೊಸದಾಗಿ ಬರೆಯುವವನಿಗೆ ಇದು ಹೆಮ್ಮೆಗಿಂತ ತೊಂದರೆಯೇ ಹೆಚ್ಚು. ಸಾಧನಕೇರಿಯಲ್ಲಿ ಕೂತು ಅಂಬಿಕಾತನಯದತ್ತರೆಂಬ ಹೆಸರಿನಲ್ಲಿ ಬೇಂದ್ರೆಯವರು ಬರೆದ ಊರಿನಲ್ಲಿ, ನಾವು ಬಾಯಿ ತೆರೆದರೆ ಅವರ ಕುಣಿತವೇ ಅರೆಬರೆಯಾಗಿ ಹೊರಬೀಳುತ್ತದೆ. ಮಾಸ್ತರಿಗೆ ಇದು ಚೆನ್ನಾಗಿ ಗೊತ್ತಿದ್ದಂತೆ ಕಾಣುತ್ತದೆ. ಮೊದಲ ದಿನವೇ ಗೋಡೆಯ ಮೇಲೆ ಒಂದು ದೊಡ್ಡ ಹಾಳೆ ಅಂಟಿಸಿದ್ದರು. ಎಂಟು ವಾರಗಳ ಮಟ್ಟಿಗೆ ಬಳಸಬಾರದ ಶಬ್ದಗಳ ಪಟ್ಟಿ ಅದು. ಹೃದಯ, ಭಾವನೆ, ಮೌನ, ಕನಸು, ಬೆಳದಿಂಗಳು, ಕಣ್ಣೀರು, ಒಲವು, ಬದುಕು. ಕೊನೆಯಲ್ಲಿ ಕೆಂಪು ಶಾಯಿಯಿಂದ, ಧಾರವಾಡದವರಿಗೆ ಎಂದೇ ಬೇರೆಯಾಗಿ, ಶ್ರಾವಣ. ಹೊರಗೆ ಅದೇ ಹೊತ್ತಿಗೆ ಜಿಟಿಜಿಟಿ ಮಳೆ ಹತ್ತಿದ್ದರಿಂದ ಎಲ್ಲರೂ ನಕ್ಕೆವು. ನಾನು ಖಾತೆ ಪುಸ್ತಕದಿಂದ ಚೊಕ್ಕಾಗಿ ನಕಲು ಮಾಡಿ ತಂದಿದ್ದ ಆರು ಸಾಲಿನ ಕವಿತೆಯಲ್ಲಿ ಆ ಪಟ್ಟಿಯ ನಾಲ್ಕು ಶಬ್ದಗಳಿದ್ದವು. ಅವುಗಳನ್ನು ಹೊಡೆದುಹಾಕಿದ ಮೇಲೆ ಉಳಿದದ್ದು "ನನ್ನ", "ನಿನ್ನ" ಮತ್ತು ಕೆಲವು ಅವ್ಯಯಗಳು. ಉತ್ತರ ಸಿಕ್ಕಿತು ಎಂದದ್ದು ಇದನ್ನೇ.

ಈ ತರಗತಿ ಪೂರ್ತಿ ಅಭ್ಯಾಸಗಳ ಮೇಲೆ ನಿಂತಿದೆ. ಉಪನ್ಯಾಸವಿಲ್ಲ, ಕಾವ್ಯಮೀಮಾಂಸೆಯಿಲ್ಲ, ಪ್ರತಿ ವಾರ ಒಂದೆರಡು ಅಭ್ಯಾಸ, ಇಪ್ಪತ್ತು ನಿಮಿಷ ಬರವಣಿಗೆ, ಆಮೇಲೆ ಓದು. ಎಲ್ಲ ಅಭ್ಯಾಸಗಳೂ ಒಂದೇ ತೂಕದವಲ್ಲ. ನನ್ನ ಅನುಭವದಲ್ಲಿ, ಕಟ್ಟು ಬಿಗಿಯಾಗಿದ್ದಲ್ಲಿ ಸಾಲು ಬಂತು, "ಮನಸ್ಸಿಗೆ ಬಂದದ್ದನ್ನು ಬರೆಯಿರಿ" ಎಂದು ಬಿಟ್ಟಲ್ಲಿ ಬರಲಿಲ್ಲ. ನಾನು ಲೆಕ್ಕದವನಾದ್ದರಿಂದ ಹೀಗೆ ಅನಿಸಿರಬಹುದೇ ಎಂದು ಉಳಿದವರನ್ನೂ ಕೇಳಿ ನೋಡಿದೆ. ನರ್ಸುಗಳಿಬ್ಬರೂ ಇದನ್ನೇ ಹೇಳಿದರು.

ಮೊದಲ ಅಭ್ಯಾಸ ಒಡಪು. ನಮ್ಮ ಸೀಮೆಯ ಮದುವೆ, ಸೀಮಂತಗಳಲ್ಲಿ ಗಂಡನ ಹೆಸರನ್ನು ನೇರವಾಗಿ ಹೇಳಲಾರದ ಹೆಂಗಸರು ಎರಡು ಸಾಲು ಕಟ್ಟಿ, ಅದರೊಳಗೆ ಹೆಸರನ್ನು ಹುದುಗಿಸಿ ಹೇಳುವ ಪದ್ಧತಿ ಎಲ್ಲರಿಗೂ ಗೊತ್ತಿದ್ದದ್ದೇ. ಮಾಸ್ತರು ಒಂದು ಒಡಪು ಹೇಳಿರೆಂದು ಕೇಳಿದ್ದೇ ತಡ, ಹಿಂದಿನ ಚಾಪೆಯ ಮೇಲೆ ಕೂತಿದ್ದ ಅಜ್ಜಿ ಸೆರಗು ಸರಿಪಡಿಸಿಕೊಂಡು, "ಹಿತ್ತಲದಾಗ ಹಬ್ಬೇದ ಹೀರಿಕಾಯಿ ಬಳ್ಳಿ, ರಾಯರು ನಕ್ಕರ ಮೂಡತದ ಮುಂಜಾನಿ ಬೆಳ್ಳಿ" ಎಂದುಬಿಟ್ಟರು. (ರಾಯರ ಹಿಂದಿನ ಹೆಸರನ್ನು ನಾನಿಲ್ಲಿ ಬಿಟ್ಟಿದ್ದೇನೆ.) ಮಾಸ್ತರು ಒಂದು ಗಳಿಗೆ ಸುಮ್ಮನಿದ್ದು, "ಅಜ್ಜೀ, ನೀವು ಕಲಿಯಾಕ ಬಂದೀರೋ, ಕಲಸಾಕ ಬಂದೀರೋ?" ಎಂದರು. ಆಮೇಲೆ ಆ ಎರಡು ಸಾಲುಗಳನ್ನು ಹಲಗೆಯ ಮೇಲೆ ಬರೆದು ಬಿಡಿಸಿದರು. ಹೀರಿಕಾಯಿ ಬಳ್ಳಿಗೂ ರಾಯರ ನಗೆಗೂ ಅರ್ಥದ ಸಂಬಂಧ ಯಾವುದೂ ಇಲ್ಲ. ಬಳ್ಳಿ ಎಂಬ ಸದ್ದು ಬೆಳ್ಳಿಯನ್ನು ಕರೆದಿದೆ, ಬೆಳ್ಳಿ ಬಂದದ್ದರಿಂದ ನಗೆಗೆ ಬೆಳಗಿನ ಚಿಕ್ಕಿಯ ಹೊಳಪು ಬಂದಿದೆ. ಮೊದಲೇ ನಗೆಗೆ ಹೋಲಿಕೆ ಹುಡುಕಿಕೊಂಡು ಕೂತಿದ್ದರೆ ಮುತ್ತು, ಮಲ್ಲಿಗೆ ಎಂಬ ಸವೆದ ನಾಣ್ಯಗಳೇ ಕೈಗೆ ಸಿಗುತ್ತಿದ್ದವು. ಪ್ರಾಸವೆಂದರೆ ಕವಿತೆ ಮುಗಿದ ಮೇಲೆ ಅಂಟಿಸುವ ಜರಿಯ ಅಂಚು ಎಂದೇ ತಿಳಿದಿದ್ದ ನನಗೆ, ಅದು ಕತ್ತಲಲ್ಲಿ ಮುಂದೆ ನಡೆಯುವ ಕಂದೀಲಾಗಬಹುದೆಂಬುದು ಆ ಮುಂಜಾನೆ ಹೊಳೆಯಿತು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲಿ ಕನ್ನಡ ನಾಡಿನವರನ್ನು "ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್", ಅಂದರೆ ಓದದೆಯೇ ಕಾವ್ಯದಲ್ಲಿ ನುರಿತವರು, ಎಂದು ಕರೆದಿರುವುದನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ತಿರುಳ್ಗನ್ನಡದ, ಅಂದರೆ ಅಪ್ಪಟ ಕನ್ನಡದ, ಊರುಗಳಲ್ಲಿ ಒಂದೆಂದು ಅದೇ ಗ್ರಂಥ ಹೆಸರಿಸುವ ಪುಲಿಗೆರೆ, ಈಗಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರ. ಆ ಮಾತನ್ನು ಬರಿಯ ಹೊಗಳಿಕೆ ಎಂದುಕೊಂಡಿದ್ದೆ. ಓದು ಬರಹ ಅಷ್ಟಕ್ಕಷ್ಟೇ ಆದ ಅಜ್ಜಿಯನ್ನು ನೋಡಿದ ಮೇಲೆ ವರದಿ ಅನಿಸಿತು.

ಅಭ್ಯಾಸ ಇಷ್ಟಕ್ಕೆ ನಿಂತಿದ್ದರೆ ಜಾನಪದದ ಪಾಠವಾಗಿ ಮುಗಿಯುತ್ತಿತ್ತು. ಮಾಸ್ತರು ಕೊಟ್ಟ ತಿರುವೇನೆಂದರೆ, ಗಂಡನ ಹೆಸರಿನ ಬದಲು ನಿಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದನ್ನು ಒಡಪಿನಲ್ಲಿ ಹೇಳಿರಿ ಎಂಬುದು. ಪಡಸಾಲೆ ಗಪ್ಪಾಯಿತು. ಒಬ್ಬ ನರ್ಸು ರೋಗದ ಹೆಸರು ಹೇಳಿದಳು, ಒಬ್ಬ ಹುಡುಗ ತಾನು ನಪಾಸಾದ ವಿಷಯವನ್ನು ಹೇಳಿದ. ನಾನು ಬರೆದದ್ದು, "ಮಾಳಿಗಿ ಮ್ಯಾಲ ಒಣಾ ಹಾಕೀನಿ ಬ್ಯಾಡಗಿ ಮೆಣಸಿನಕಾಯಿ, ಉದ್ರಿ ರಾಯರು ಬಂದ್ರಂದ್ರ ಮುಚ್ಚತಾವ ಎಲ್ಲಾರ ಬಾಯಿ." ಉದ್ರಿ ಎಂದರೆ ಸಾಲದ ವ್ಯವಹಾರ. ನಾನು ಮಾತನಾಡುವ ಭಾಷೆಯಲ್ಲಿ ನಾನು ಬರೆದ ಮೊದಲ ಎರಡು ಸಾಲು ಇವು. ಅಲ್ಲಿಯವರೆಗೆ ಅಂಗಡಿಯಲ್ಲಿ ಧಾರವಾಡ ಸೀಮೆಯ ಮಾತು ಆಡಿ, ಕವಿತೆಗೆ ಮಾತ್ರ ಪಠ್ಯಪುಸ್ತಕದ ಅಂಗಿ ತೊಡಿಸುತ್ತಿದ್ದೆ. ಹಾಗೆ ಮಾಡಬೇಡಿರೆಂದು ಮಾಸ್ತರು ಒಂದು ಸಲವೂ ಹೇಳಲಿಲ್ಲ. ಒಡಪು ಬೇರೆ ಭಾಷೆಯಲ್ಲಿ ಬರಲು ಒಪ್ಪುವುದಿಲ್ಲ, ಅಷ್ಟೇ.

ಎರಡನೆಯ ವಾರ ಮನೆಯಿಂದ ಒಂದು ವಸ್ತು ತರಲು ಹೇಳಿದ್ದರು. ಅಡಕತ್ತರಿ, ಚಾರ್ಜರಿನ ವೈರು, ಹರಕು ಛತ್ರಿ, ಕೈ ಕಳೆದುಹೋದ ಒಂದು ಹಿತ್ತಾಳೆಯ ಕೀಲಿ, ಅಂದರೆ ಬೀಗ, ಬಂದವು. ನಾನು ಅಂಗಡಿಯ ಶಿಕ್ಕಾ ಒಯ್ದಿದ್ದೆ, "ಪಾವತಿಯಾಗಿದೆ" ಎಂದು ಒತ್ತುವ ರಬ್ಬರಿನದು. ನಿಯಮ ಒಗಟಿನದೇ: ವಸ್ತುವಿನ ಹೆಸರು ಬರಬಾರದು, ಅಂತೆ, ಹಾಗೆ, ಥರ ಎಂಬ ಹೋಲಿಕೆಯ ಶಬ್ದಗಳು ಬರಬಾರದು, ಅದು ಹೇಗಿದೆ ಎನ್ನುವುದಕ್ಕಿಂತ ಅದು ಏನು ಮಾಡುತ್ತದೆ ಎಂಬುದನ್ನು ಹೇಳಬೇಕು. ಮೊದಲ ಹತ್ತು ನಿಮಿಷ ಬರೆಯುವಂತಿಲ್ಲ, ಬರಿಯ ನೋಡುವುದು. ಇಪ್ಪತ್ತಾರು ವರ್ಷ ಕೈಯಲ್ಲಿ ಹಿಡಿದ ಆ ಶಿಕ್ಕಾವನ್ನು ತಿರುಗಿಸಿ ಅದರ ಮುಖ ನೋಡಿದ್ದು ಅಂದೇ ಮೊದಲಿರಬೇಕು. ಅಕ್ಷರಗಳೆಲ್ಲ ಬಲದಿಂದ ಎಡಕ್ಕೆ ತಿರುವಿ ಕೂತಿದ್ದವು, "ಪಾ" ಅಕ್ಷರದ ಹೊಟ್ಟೆಯಲ್ಲಿ ಯಾವ ಕಾಲದ್ದೋ ಒಣಗಿದ ನೇರಳೆ ಮಸಿ ಗಟ್ಟಿಯಾಗಿತ್ತು, ಒಂದು ಅಂಚು ಸವೆದು ಕೊನೆಯ "ದೆ" ಅರ್ಧವಾಗಿತ್ತು. ನಾನು ಬರೆದೆ:

ಕಲಿತದ್ದು ಒಂದೇ ಮಾತು,
ಅದನ್ನೂ ತಿರುವಿ ಹಿಡಿದುಕೊಂಡಿದೆ.
ಮೈಗೆ ಮಸಿ ಹತ್ತಿದ ಮೇಲಷ್ಟೇ
ನೇರ ನುಡಿಯುತ್ತದೆ.

ಇದಾದ ಮೇಲೆ, ಮನುಷ್ಯರೂ ಪೆಟ್ಟು ತಿಂದ ಮೇಲೆಯೇ ನಿಜ ಹೇಳುತ್ತಾರೆ ಎಂಬ ಅರ್ಥದ ಇನ್ನೂ ನಾಲ್ಕು ಸಾಲುಗಳಿದ್ದವು. ನನ್ನ ಮಟ್ಟಿಗೆ ಕವಿತೆಯ ಜೀವವೇ ಅವು. ಮಾಸ್ತರು ಅವುಗಳ ಮೇಲೆ ಬೆರಳಿಟ್ಟು, "ನಿಮ್ಮ ಶಿಕ್ಕಾ ಮಾತಾಡಿ ಮುಗಿಸಿದ ಮ್ಯಾಲ ನೀವ್ಯಾಕ ಮಾತಾಡಾಕ ಹತ್ತೀರಿ?" ಎಂದರು. ಸಿಟ್ಟು ಬಂತು. ಮರಳಿ ಬರುವಾಗ ಬಸ್ಸಿನಲ್ಲಿ ಓದಿ ನೋಡಿದೆ, ಆ ನಾಲ್ಕು ಸಾಲುಗಳನ್ನು ತೆಗೆದರೂ ಏನೂ ಕಡಿಮೆಯಾಗಿರಲಿಲ್ಲ. ಕೀಲಿ ತಂದಿದ್ದ ಹುಡುಗಿ "ಬಾಯಿ ಮುಚ್ಚಿಕೊಂಡೇ ಅಜ್ಜನ ದಾರಿ ಕಾಯುತ್ತದೆ" ಎಂದು ಒಂದೇ ಸಾಲು ಬರೆದು ನಿಲ್ಲಿಸಿದ್ದಳು. ಅವಳಿಗೆ ಮಾಸ್ತರು ಏನೂ ಹೇಳಲಿಲ್ಲ, ತಲೆಯಾಡಿಸಿದರು.

ಮೂರನೆಯ ಮತ್ತು ನಾಲ್ಕನೆಯ ವಾರ ಛಂದಸ್ಸು. ಇಲ್ಲಿ ಅರ್ಧ ಜನ ಬಿಟ್ಟುಹೋಗುತ್ತಾರೆಂದು ನಾನು ಎಣಿಸಿದ್ದೆ. ಯಾರೂ ಹೋಗಲಿಲ್ಲ, ಕಾರಣ ಪಡಸಾಲೆಯ ಮೂಲೆಯಲ್ಲಿದ್ದ ಬೀಸುವ ಕಲ್ಲು. ತ್ರಿಪದಿಯನ್ನು ಮಾಸ್ತರು ಹಲಗೆಯಿಂದ ಆರಂಭಿಸದೆ ಕಲ್ಲಿನಿಂದ ಆರಂಭಿಸಿದರು. ಅಜ್ಜಿ ಗೂಟ ಹಿಡಿದು ಎರಡು ಮುಷ್ಟಿ ಜೋಳ ಹಾಕಿ ಹಾಡತೊಡಗಿದರು. ಎರಡನೆಯ ಸಾಲಿನ ಒಂದು ಭಾಗ ಮರಳಿ ಬರುವುದರಿಂದ ಮೂರು ಸಾಲಿನ ಪದ ಕಿವಿಗೆ ನಾಲ್ಕಾಗಿ ಕೇಳುವುದನ್ನು ನಾವು ಕಲ್ಲಿನ ಸುತ್ತಿನ ಜೊತೆ ಹಿಡಿದೆವು. ಒಬ್ಬೊಬ್ಬರಾಗಿ ಗೂಟ ಹಿಡಿದು, ಅರ್ಥವಿಲ್ಲದ ಶಬ್ದಗಳನ್ನೇ ಆ ಲಯಕ್ಕೆ ಹಾಕಿದೆವು. ಹನ್ನೊಂದು ಗಣ, ಅಂದರೆ ಅಕ್ಷರಗಳ ಗುಂಪು, ಅವುಗಳಲ್ಲಿ ಆರನೆಯದೂ ಹತ್ತನೆಯದೂ ಚಿಕ್ಕದಾದ ಬ್ರಹ್ಮಗಣ, ಉಳಿದವು ದೊಡ್ಡದಾದ ವಿಷ್ಣುಗಣ ಎಂಬ ಲಕ್ಷಣ ಹಲಗೆಯ ಮೇಲೆ ಬಂದದ್ದು ಇದೆಲ್ಲ ಆದ ಮೇಲೆ. ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನದಲ್ಲಿ ಸುಮಾರು 1,300 ವರ್ಷಗಳ ಹಿಂದೆ ಕೊರೆದದ್ದೂ ಈ ತ್ರಿಪದಿಯನ್ನೇ, ಹಾವೇರಿ ಸೀಮೆಯ ಸರ್ವಜ್ಞ ಊರೂರು ತಿರುಗುತ್ತ ಹೇಳಿದ್ದೂ ಇದನ್ನೇ ಎಂದಾಗ ಬ್ಯಾಡಗಿಯ ತರುಣ ಸ್ವಲ್ಪ ನೆಟ್ಟಗೆ ಕೂತ.

ಭಾಮಿನಿ ಷಟ್ಪದಿಯ ದಿನ ನನ್ನ ದಿನ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ದೀರ್ಘಾಕ್ಷರವೂ ಒತ್ತಕ್ಷರದ ಹಿಂದಿನ ಅಕ್ಷರವೂ ಗುರು. ಇಷ್ಟು ಹೇಳಿ ಮಾಸ್ತರು ಊರಿನ ಹೆಸರುಗಳನ್ನು ಎಣಿಸಲು ಹಚ್ಚಿದರು. ಗದಗ ಮೂರು. ಹಾವೇರಿ ಐದು. ಹುಬ್ಬಳ್ಳಿಯಲ್ಲಿ "ಹು" ಮತ್ತು "ಬ್ಬ" ಎರಡೂ ಗುರುವಾಗುವುದರಿಂದ ಅದೂ ಐದು. ಧಾರವಾಡ ಆರು, ಮೂರರ ಎರಡು ಸಮ ತುಂಡು. ಷಟ್ಪದಿಯ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು-ನಾಲ್ಕು, ಮೂರು-ನಾಲ್ಕು ಎಂದು ಹದಿನಾಲ್ಕು ಮಾತ್ರೆ. ಮೂರನೆಯ ಮತ್ತು ಆರನೆಯ ಸಾಲುಗಳಲ್ಲಿ ಆ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು, ಒಟ್ಟು 23. ಜೊತೆಗೆ ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಇರಬೇಕೆಂಬ ಆದಿಪ್ರಾಸ. ಗದುಗಿನ ಕುಮಾರವ್ಯಾಸ ಭಾರತದ ಮೊದಲ ಹತ್ತು ಪರ್ವಗಳನ್ನು ಈ ಅಳತೆಯಲ್ಲಿ ನಡೆಸಿದ್ದಾನೆ. ನಮಗೆ ಕೊಟ್ಟ ಕೆಲಸ ನಿನ್ನೆ ಮೊನ್ನೆ ನಡೆದ ಒಂದು ಸಣ್ಣ ಸಂಗತಿಯನ್ನು, ಅಲಂಕಾರ ಹಚ್ಚದೆ, ಇದರಲ್ಲಿ ಕೂರಿಸುವುದು. ಇಪ್ಪತ್ತು ನಿಮಿಷದಲ್ಲಿ ನನ್ನದು ಅರ್ಧ ಆಯಿತು:

ಗದಗ ಪೇಟೆಯ ಬಸ್ಸು ಹಿಡಿಯಲು
ಎದುರು ನಿಂತವ ಚೀಲವಿಳಿಸಿದ
ಬದಿಗೆ ಸರಿಯುವ ಜಾಗವಿಲ್ಲದೆ ಕೊಡೆಯ ಬಿಚ್ಚಿದೆ ನಾ

ಇದು ದೊಡ್ಡ ಕವಿತೆಯಲ್ಲವೆಂಬುದು ನನಗೂ ಗೊತ್ತು. ಆದರೆ ಮೊದಲು "ಚೀಲ ಇಳಿಸಿದ" ಎಂದು ಬರೆದಿದ್ದೆ. ಮಾತ್ರೆ ಅಷ್ಟೇ ಇದ್ದರೂ ಓದುವಾಗ ನಡುವೆ ಉಸಿರು ಎಡವುತ್ತಿತ್ತು, ಸಂಧಿ ಮಾಡಿದೊಡನೆ ಸಾಲು ಹರಿಯಿತು. ಸಂಧಿ ಪರೀಕ್ಷೆಯ ಐದು ಅಂಕಕ್ಕಷ್ಟೇ ಅಲ್ಲ, ಉಸಿರಿಗಾಗಿ ಇರುವುದು ಎಂಬುದನ್ನು ಐವತ್ತರ ಹತ್ತಿರ ಬಂದ ಮೇಲೆ ತಿಳಿದುಕೊಂಡೆ. "ಎದುರು" ಎಂಬ ಶಬ್ದವೂ ದಕಾರದ ಪ್ರಾಸ ಬೇಕಾಗಿದ್ದಕ್ಕೆ ಬಂದದ್ದು. ನಿಜದಲ್ಲಿ ಆ ಮನುಷ್ಯ ನನ್ನ ಪಕ್ಕದಲ್ಲಿ ನಿಂತಿದ್ದ. ಎದುರಿಗೆ ಬಂದ ಮೇಲೆಯೇ ಅವನ ಚೀಲ ನನಗೆ ಅಡ್ಡವಾಯಿತು, ಕವಿತೆಗೊಂದು ಸಣ್ಣ ಜಗಳ ಹುಟ್ಟಿತು.

ಐದನೆಯ ವಾರ ಮಾತ್ರ ನಿರಾಶೆಯದು. ಮೊಬೈಲಿನಲ್ಲಿ ಕೊಳಲಿನ ಧ್ವನಿಮುದ್ರಣ ಹಾಕಿ, ಕಣ್ಣು ಮುಚ್ಚಿ, ಒಳಗೆ ಏಳುವುದನ್ನೆಲ್ಲ ತಡೆಯಿಲ್ಲದೆ ಬರೆಯಿರಿ ಎಂದರು. ನಮ್ಮೆಲ್ಲರ ಒಳಗೆ ಎದ್ದದ್ದು ಒಂದೇ: ತಾಯಿ, ಮಳೆ, ಒಂಟಿತನ. ಗೋಡೆಯ ಪಟ್ಟಿಯ ಶಬ್ದಗಳು ಅದೇ ಗೋಡೆಯ ಎದುರಿನಲ್ಲಿ ಕೂತವರ ಹಾಳೆಗಳ ಮೇಲೆ ಸಾಲಾಗಿ ಬಂದು ಇಳಿದವು. ಉಳಿದರ್ಧ ದಿನ ಸಾಧನಕೇರಿಯ ಕೆರೆಯ ದಂಡೆಗೆ ಹೋಗಿ ಕೂತು ಬರೆಯುವ ಕಾರ್ಯಕ್ರಮ. ಊರಿನ ಕವಿಯ ಅಂಗಳದಲ್ಲಿ ಸ್ಫೂರ್ತಿ ಉಕ್ಕಲಿ ಎಂಬ ಆಶಯ ಒಳ್ಳೆಯದೇ ಇರಬಹುದು, ಆದರೆ 22 ಜನರಲ್ಲಿ ಒಂಬತ್ತು ಜನ ತಾವರೆಯ ಬಗ್ಗೆ ಬರೆದರು, ಅಂದು ಆ ನೀರಿನಲ್ಲಿ ಒಂದೂ ತಾವರೆ ಇರಲಿಲ್ಲ. ದಂಡೆಯಲ್ಲಿ ಗಿರ್ಮಿಟ್ ಮಾರುತ್ತಿದ್ದವನ ಕೈ ಕೆಲಸವನ್ನು ಒಬ್ಬರೂ ನೋಡಲಿಲ್ಲ, ನಾನೂ ಸೇರಿ. ಶಿಕ್ಕಾದ ಮುಂದೆ ಹತ್ತು ನಿಮಿಷ ಸುಮ್ಮನೆ ಕೂರಿಸಿದ ಮಾಸ್ತರೇ ಇಲ್ಲಿ ನಮ್ಮನ್ನು ಹೀಗೆ ಏಕೆ ಬಿಟ್ಟರೋ ತಿಳಿಯದು. ನಿಯಮವಿಲ್ಲದ ಅಭ್ಯಾಸ ಅನುಭವಿಗೆ ಬಯಲಾಗಬಹುದು. ಹೊಸಬನಿಗೆ ಅದು ಹಳೆಯ ಗಾಡಿ ಜಾಡು, ಚಕ್ರ ತಾನಾಗಿಯೇ ಅದರೊಳಗೆ ಇಳಿಯುತ್ತದೆ.

ಆರನೆಯ ವಾರದ ಅಳಿಸುವ ಆಟ ಹೊರಗಿನ ಭಾಷೆಗಳಿಂದ ಬಂದದ್ದು. ವೃತ್ತಪತ್ರಿಕೆಯ ಒಂದು ಪುಟ ತೆಗೆದುಕೊಂಡು ಬೇಡದ ಶಬ್ದಗಳನ್ನು ಕಪ್ಪು ಮಾಡುತ್ತ ಹೋದರೆ ಉಳಿದದ್ದು ಕವಿತೆಯಾಗಬೇಕು. ಬಿಡಿ ಬಿಡಿ ಶಬ್ದಗಳ ಭಾಷೆಗಳಲ್ಲಿ ಇದು ಸಲೀಸು. ಕನ್ನಡದಲ್ಲಿ ವಿಭಕ್ತಿ ಶಬ್ದದ ಬಾಲಕ್ಕೆ ಅಂಟಿಕೊಂಡಿರುವುದರಿಂದ, ನಡುವಿನ ಶಬ್ದ ಅಳಿಸಿದರೆ "ಮಾರುಕಟ್ಟೆಯಿಂದ" ಎಂಬುದು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಹಾಳೆಯ ಮೇಲೆ ಒಂಟಿಯಾಗಿ ನಿಲ್ಲುತ್ತದೆ. ಅರ್ಧ ತಾಸು ಒದ್ದಾಡಿದ ಮೇಲೆ ಮಾಸ್ತರು ಶಬ್ದದ ಒಳಗೂ ಅಳಿಸಲು ಅನುಮತಿ ಕೊಟ್ಟರು, "ಯಿಂದ" ಹೋಗಿ "ಮಾರುಕಟ್ಟೆ" ಉಳಿಯಿತು, ಆಟ ನಡೆಯಿತು. ಇಂಥ ಬದಲಾವಣೆಯನ್ನು ಮೊದಲೇ ಯೋಚಿಸಿಕೊಂಡು ಬಂದಿದ್ದರೆ ಅರ್ಧ ತಾಸು, ಅಂದರೆ ತಲೆಗೆ ಐವತ್ತು ರೂಪಾಯಿ, ಉಳಿಯುತ್ತಿತ್ತು. ಜಪಾನಿನ ಮೂರು ಸಾಲಿನ ಹಾಯ್ಕುವನ್ನು ಅದೇ ದಿನ ಹತ್ತೇ ನಿಮಿಷದಲ್ಲಿ ಮುಗಿಸಿದ್ದು ಜಾಣತನ; ಐದು-ಏಳು-ಐದು ಅಕ್ಷರಗಳೆಂದು ಎಣಿಸಲು ಹೋದರೆ ನಮ್ಮ ಎರಡು ಶಬ್ದಗಳಿಗೇ ಮೊದಲ ಸಾಲು ತುಂಬಿಬಿಡುತ್ತದೆ.

ಏಳನೆಯ ವಾರ ತಿದ್ದುಪಡಿ. ಈ ತರಗತಿಗೆ ಒಂದೇ ಒಂದು ದಿನ ಹೋಗುವ ಅವಕಾಶ ಯಾರಿಗಾದರೂ ಇದ್ದರೆ ಆ ದಿನವೇ ಹೋಗಿರೆಂದು ಹೇಳುತ್ತೇನೆ. ಆರಂಭದಲ್ಲಿಯೇ ಇಂಜಿನಿಯರಿಂಗ್ ಹುಡುಗನೊಬ್ಬ ಎದ್ದು, ತಿದ್ದಿದರೆ ಕವಿತೆಯ ಸಹಜತೆ ಹೋಗುವುದಿಲ್ಲವೇ, ಕುಮಾರವ್ಯಾಸನೇ "ಹಲಗೆ ಬಳಪವ ಪಿಡಿಯದೊಂದಗ್ಗಳಿಕೆ, ಪದವಿಟ್ಟಳುಪದೊಂದಗ್ಗಳಿಕೆ" ಎಂದಿಲ್ಲವೇ ಎಂದು ಕೇಳಿದ. ಕರಡು ಮಾಡಲು ಹಲಗೆ ಬಳಪ ಹಿಡಿಯಲಿಲ್ಲ, ಒಮ್ಮೆ ಇಟ್ಟ ಪದವನ್ನು ಅಳಿಸಲಿಲ್ಲ ಎಂಬ ಆ ಹೆಮ್ಮೆಯ ಮಾತು ಗದಗ ಸೀಮೆಯ ಹುಡುಗರಿಗೆಲ್ಲ ಗೊತ್ತು. ವೀರನಾರಾಯಣನ ಗುಡಿಯಲ್ಲಿ ಕಂಬಕ್ಕೆ ಒರಗಿ, ಉಟ್ಟ ಒದ್ದೆ ಬಟ್ಟೆ ಆರುವವರೆಗೆ ಕವಿತೆ ಹರಿಯುತ್ತಿತ್ತೆಂಬ ಐತಿಹ್ಯವೂ ಗೊತ್ತು. ಮಾಸ್ತರು, "ಅವನ ಬಟ್ಟಿ ಒದ್ದಿ ಇತ್ತಪಾ, ನಮ್ಮವು ಒಣಗ್ಯಾವು. ಅಳಸೂಣು" ಎಂದು ಕೆಂಪು ಪೆನ್ನು ತೆಗೆದರು.

ಅಭ್ಯಾಸ ಸರಳವಾಗಿತ್ತು. ಹಿಂದಿನ ವಾರಗಳಲ್ಲಿ ಬರೆದ ಇಪ್ಪತ್ತು ಸಾಲಿನ ಒಂದು ಕವಿತೆಯನ್ನು ಹತ್ತಕ್ಕೆ ಇಳಿಸಬೇಕು, ಅದನ್ನು ಐದಕ್ಕೆ. ಆಮೇಲೆ ಪಕ್ಕದವರು ಅದನ್ನು ಗಟ್ಟಿಯಾಗಿ ಓದಬೇಕು, ಬರೆದವನು ಬಾಯಿ ಬಿಡಬಾರದು. ನನ್ನ ಇಪ್ಪತ್ತು ಸಾಲುಗಳಲ್ಲಿ "ನಾನು" ಎಂಬುದು ಹನ್ನೊಂದು ಸಲ ಇತ್ತು. ಕನ್ನಡದಲ್ಲಿ "ಬಂದೆ" ಎಂದರೆ ಸಾಕು, ಬಂದವನು ನಾನೇ ಎಂಬುದು ಕ್ರಿಯಾಪದದ ಕೊನೆಯಲ್ಲಿಯೇ ಕೂತಿದೆ. ಮತ್ತೆ "ನಾನು" ಎಂದು ಸಾರುವುದು ಒಂದೇ ರಕಮನ್ನು ಎರಡು ಸಲ ಜಮಾ ಮಾಡಿದ ಹಾಗೆ. ಹತ್ತು "ನಾನು"ಗಳನ್ನು ತೆಗೆದೆ. ಉಳಿದ ಒಂದು ಮಾತ್ರ ಆ ಜಾಗದಲ್ಲಿ ನಿಜವಾಗಿ ಬೇಕಾಗಿತ್ತು, ಏಕೆಂದರೆ ಅಲ್ಲಿ ಬೇರೆ ಯಾರೋ ಬರಬೇಕಾಗಿತ್ತು, ಬಂದಿರಲಿಲ್ಲ. ನರ್ಸು ಅದನ್ನು ಓದುವಾಗ ಸರಿಯಾಗಿ ಆ ಶಬ್ದದ ಮೇಲೆ ತಡೆದಳು. ನಾನು ಅವಳಿಗೆ ಏನೂ ಹೇಳಿರಲಿಲ್ಲ.

ಇಂಥ ದಿನಗಳು ಇನ್ನೂ ಎರಡು ಬೇಕಾಗಿದ್ದವು. ಅದರ ಬದಲು ಎಂಟನೆಯ ರವಿವಾರ ಸಮಾರೋಪವಾಯಿತು. ವೇದಿಕೆ, ದೀಪ, ಶಾಲು, ಹಾರ, ಮುಖ್ಯ ಅತಿಥಿಗಳು ಮೂವರು, ಅವರ ಭಾಷಣ ಒಂದು ತಾಸು ಮುಕ್ಕಾಲು. ಗೋಡೆಯ ಪಟ್ಟಿಯನ್ನು ಬ್ಯಾನರಿಗಾಗಿ ಕಿತ್ತುಹಾಕಿದ್ದರಿಂದಲೋ ಏನೋ, ಆ ಭಾಷಣಗಳಲ್ಲಿ ಪಟ್ಟಿಯ ಎಲ್ಲ ಶಬ್ದಗಳೂ ನಿರ್ಭಯವಾಗಿ ಓಡಾಡಿದವು. ನಮಗೆ ತಲಾ ಎರಡು ನಿಮಿಷದ ಓದು, ಪ್ರಮಾಣಪತ್ರ, ಉಪ್ಪಿಟ್ಟು, ಪೇಢೆ. ಪೇಢೆ ಚೆನ್ನಾಗಿತ್ತು. ಆ ಮೂರು ತಾಸುಗಳನ್ನು ಕಳೆದರೆ ಕಲಿಕೆಯದು 21 ತಾಸು, ತಾಸಿನ ದರ ನೂರಾ ಹದಿನಾಲ್ಕಕ್ಕೆ ಏರುತ್ತದೆ.

ದರಕ್ಕಿಂತ ದೊಡ್ಡ ಕೊರತೆ ಸರತಿಯದು. 22 ಜನರಿಗೆ ಒಬ್ಬರೇ ಮಾಸ್ತರಿರುವುದರಿಂದ ವಾರಕ್ಕೆ ಏಳೆಂಟು ಜನರ ಬರಹವಷ್ಟೇ ಬೆಳಕಿಗೆ ಬರುತ್ತದೆ. ಎಂಟು ವಾರಗಳಲ್ಲಿ ನನ್ನ ಸಾಲುಗಳ ಮೇಲೆ ವಿವರವಾದ ಮಾತು ಬಂದದ್ದು ಎರಡೇ ಸಲ. ಹದಿಮೂರು-ಹದಿನಾಲ್ಕು ಜನರ ಮೇಲೆ ಸೇರಿಸಿಕೊಳ್ಳಬಾರದು. ಓದಿನ ಕಡೆಗೂ ಗಮನ ಸಾಲದು. ಕರ್ನಾಟಕ ವಿದ್ಯಾವರ್ಧಕ ಸಂಘ 1890ರಿಂದ ಇರುವ ಊರು, ಮನೋಹರ ಗ್ರಂಥಮಾಲೆ 1933ರಿಂದ ಪುಸ್ತಕ ತರುತ್ತಿರುವ ಊರು. ಬಸ್ಸಿನ ದಾರಿಯಲ್ಲಿಯೇ ಇಷ್ಟು ಸೌಕರ್ಯವಿರುವಾಗ ಈ ವಾರ ಈ ಕವಿತೆ ಓದಿಕೊಂಡು ಬನ್ನಿರೆಂದು ಒಮ್ಮೆಯೂ ಹೇಳಲಿಲ್ಲ. ನಾವು ಬರೆದದ್ದನ್ನೇ ನಾವು ಕೇಳುತ್ತ ಎರಡು ತಿಂಗಳು ಕಳೆದೆವು. ಗದಗ ಜಿಲ್ಲೆಯ ಹೊಂಬಳದಲ್ಲಿ ಹುಟ್ಟಿ ಧಾರವಾಡದಲ್ಲಿಯೇ ಬಾಳಿದ ಚೆನ್ನವೀರ ಕಣವಿಯವರ ಒಂದು ಸುನೀತವನ್ನಾದರೂ ಬಿಡಿಸಿ ನೋಡಿದ್ದರೆ, ಹದಿನಾಲ್ಕು ಸಾಲುಗಳ ಕಟ್ಟಿನೊಳಗೆ ಎಷ್ಟು ಮೆಲುದನಿಯಲ್ಲಿ ಮಾತನಾಡಬಹುದೆಂಬುದು ನಮಗೆಲ್ಲ ತಿಳಿಯುತ್ತಿತ್ತು.

ಸಂಕಲನದ ವಿಷಯ ಹೇಳದೆ ಇರಲಾರೆ. ಎಲ್ಲರ ಕವಿತೆಗಳನ್ನು ಸೇರಿಸಿ ಪುಸ್ತಿಕೆ ಮಾಡುತ್ತೇವೆಂದು ಆರನೆಯ ವಾರ 300 ರೂಪಾಯಿ ಬೇರೆಯಾಗಿ ತೆಗೆದುಕೊಂಡರು; ಸೇರುವಾಗ ಇದರ ಸುಳಿವು ಇರಲಿಲ್ಲ. ಪುಸ್ತಿಕೆ ಬಂದಾಗ ನೋಡಿದರೆ ನುಡಿ ತಂತ್ರಾಂಶದ ಅಕ್ಷರಗಳಿಂದ ಯೂನಿಕೋಡಿಗೆ ಬದಲಾಯಿಸುವಾಗ ಅಲ್ಲಲ್ಲಿ ಒತ್ತಕ್ಷರಗಳು ಕೆಟ್ಟುಹೋಗಿದ್ದವು, ಕರಡು ಯಾರೂ ತಿದ್ದಿರಲಿಲ್ಲ. ನನ್ನ ಉದ್ರಿ ರಾಯರು "ಉರಿ ರಾಯರು" ಆಗಿದ್ದಾರೆ. ಮೆಣಸಿನಕಾಯಿಯ ಪಕ್ಕದಲ್ಲಿ ಉರಿ ಒಪ್ಪುತ್ತದೆಂದು ನಾಲ್ಕು ಜನ ನನ್ನನ್ನು ಹೊಗಳಿದರು. ಒಂದು ಮಾತ್ರೆ ಕಡಿಮೆಯಾಗಿದೆ ಎಂದು ನಾನು ಹೇಳಲಿಲ್ಲ. ಮಾತ್ರೆಗಾಗಿ ನಮ್ಮ ಬೆರಳು ಎಣಿಸಿದ ತರಗತಿಯೇ ಅಚ್ಚಿನಲ್ಲಿ ಮಾತ್ರೆ ಕಳೆಯುವುದು ಸರಿಯಲ್ಲ, ಮುಂದಿನ ತಂಡದವರು ಕರಡು ಪ್ರತಿಯನ್ನು ಕೇಳಿ ಪಡೆದು ತಾವೇ ತಿದ್ದಿಕೊಡುವುದು ಲೇಸು.

ಹೋಗಬಹುದೇ ಎಂದು ಕೇಳುವವರಿಗೆ: ಹಿಂದೆ ಏನೂ ಬರೆಯದವರು, ಅಥವಾ ನನ್ನ ಹಾಗೆ ಬರೆದದ್ದನ್ನೇ ಬರೆಯುತ್ತ ಕೂತವರು ಖಂಡಿತ ಹೋಗಬಹುದು. ಈಗಾಗಲೇ ಪತ್ರಿಕೆಗಳಲ್ಲಿ ಕವಿತೆ ಬಂದವರಿಗೆ ಏಳನೆಯ ವಾರದ ಹೊರತು ಹೆಚ್ಚೇನೂ ಸಿಗಲಾರದು. ಹುಬ್ಬಳ್ಳಿಯವರಿಗೆ ಎರಡೂ ಊರುಗಳ ನಡುವೆ ಓಡುವ ಚಿಗರಿ ಬಸ್ಸು ಇರುವುದರಿಂದ ತೊಂದರೆಯಿಲ್ಲ, ಜುಬಿಲಿ ಸರ್ಕಲ್ಲಿನಲ್ಲಿ ಇಳಿದು ಆಟೋ ಹಿಡಿದರಾಯಿತು. ಹಾವೇರಿ, ಗದಗಿನ ಕಡೆಯವರಿಗೆ ಮಾತ್ರ ಮೂರು ತಾಸಿನ ಪಾಠಕ್ಕಿಂತ ಪ್ರಯಾಣವೇ ಹೆಚ್ಚು; ಬ್ಯಾಡಗಿಯ ತರುಣ ಕೊನೆಯ ಎರಡು ವಾರ ಬರಲಿಲ್ಲ, ತಿದ್ದುಪಡಿಯ ದಿನ ಅವನಿಗೆ ತಪ್ಪಿತು. ನಮ್ಮೆಲ್ಲರಲ್ಲಿ ಒಳ್ಳೆಯ ಕಿವಿ ಇದ್ದದ್ದು ಅವನಿಗೆ. ತಿಂಗಳಿಗೊಮ್ಮೆ ಇಡೀ ದಿನದ ತರಗತಿ ಮಾಡಿದರೆ ಅಂಥವರಿಗೆ ಅನುಕೂಲವಾದೀತೆಂದು ಮಾಸ್ತರಿಗೆ ಬರೆದುಕೊಟ್ಟಿದ್ದೇನೆ.

ನನ್ನ ಷಟ್ಪದಿಯ ಉಳಿದ ಮೂರು ಸಾಲುಗಳು ಇನ್ನೂ ಬಾಕಿ ಇದ್ದವು. ದಕಾರದ ಪ್ರಾಸಕ್ಕೆ ಮೂರು ಮಾತ್ರೆಯ ಒಂದು ಶಬ್ದ ಬೇಕಾಗಿ, ಒಂದು ತಿಂಗಳಿಂದ ಮೊದಲು, ಹದನು, ನದಿಯು ಎಂದು ತಡಕಾಡುತ್ತಿದ್ದೆ. ಕಳೆದ ಸೋಮವಾರ ನವನಗರದ ನಿಲ್ದಾಣದಲ್ಲಿ ಚಿಗರಿಯ ಕಡೆಗೆ ಓಡಿದೆ, ಎರಡು ಹೆಜ್ಜೆ ಉಳಿದಿರುವಾಗ ಅದರ ಬಾಗಿಲು ನನ್ನ ಮುಖದ ಮುಂದೆಯೇ ಕೂಡಿಕೊಂಡಿತು, ಗಾಜಿನಾಚೆ ಚಾಲಕ ಕನ್ನಡಿ ನೋಡುತ್ತಿದ್ದ. ಕದವು, ಮೂರು ಮಾತ್ರೆ. "ಕದವು ಮುಚ್ಚಿತು" ಎಂದು ಶಿಕ್ಕಾ ಒತ್ತುವ ಚೀಟಿಯ ಹಿಂದೆ ಬರೆದಿಟ್ಟುಕೊಂಡಿದ್ದೇನೆ. ಇನ್ನು ಏಳು ಮಾತ್ರೆ ಹುಡುಕಿದರೆ ನಾಲ್ಕನೆಯ ಸಾಲು ಆಗುತ್ತದೆ.